ಮೆಂತ್ಯದ ಹಿಟ್ಟಿನಡಿಯ ಮಾತ್ರೆ

ಜಯನಗರದಲ್ಲೋ ಬನಶಂಕರಿಯಲ್ಲೋ ಫಾರಿನ್ನಿಗೆ ಪಾರ್ಸೆಲ್ ಕಳಿಸುವ ಯಾವುದಾದರೂ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಚಟ್ನಿಪುಡಿ, ಹುರಿಗಾಳು, ಮೊಮ್ಮಗಳ ಲಂಗ ಒಂದೊಂದಾಗಿ ತಕ್ಕಡಿಗೆ ಬರುತ್ತವೆ. ಮೆಂತ್ಯದ ಹಿಟ್ಟಿನ ಪೊಟ್ಟಣದಡಿ ರಬ್ಬರ್ ಬ್ಯಾಂಡ್ ಹಾಕಿದ ಮಾತ್ರೆಯ ಸ್ಟ್ರಿಪ್‌ಗಳು ಅವಿತಿರುತ್ತವೆ. ಫಾರಂನಲ್ಲಿ ಬರೆಯುವುದು "ಬಟ್ಟೆ, ತಿಂಡಿ" ಅಷ್ಟೇ. "ಎಲ್ಲರೂ ಹೀಗೇ ಕಳಿಸೋದು, ಏನೂ ಆಗಲ್ಲ ಬಿಡಿ" ಎಂದು ಧೈರ್ಯ ತುಂಬುವವರೂ ಪಕ್ಕದಲ್ಲೇ ಇರುತ್ತಾರೆ.

ನೇರವಾಗಿ ಹೇಳುತ್ತೇನೆ. ನೀವು ಸಹಿ ಹಾಕುತ್ತಿರುವುದು ಸುಳ್ಳಿಗೆ, ಅದರ ದಂಡ ತೆರಬೇಕಾದವರು ನಿಮ್ಮ ಮಕ್ಕಳು. ಪೆಟ್ಟಿಗೆಯ ಮೇಲಿರುವುದು ಅವರ ಹೆಸರು, ವೀಸಾ ನಂಬಿಕೊಂಡು ಬದುಕುತ್ತಿರುವವರೂ ಅವರೇ. ನಿದ್ದೆಗೆಂದು ಕಳಿಸುವ ಆಲ್‌ಪ್ರಜೋಲಾಮ್ ನಮ್ಮದೇ 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯಡಿ (ಎನ್‌ಡಿಪಿಎಸ್) ಬರುತ್ತದೆ. ನೋವಿನ ಟ್ರಮಡಾಲ್ 2018ರಲ್ಲಿ ಆ ಕಾಯ್ದೆಯ ಪಟ್ಟಿಗೆ ಸೇರಿತು. ಅನುಮತಿಯಿಲ್ಲದೆ ಇವನ್ನು ದೇಶದಾಚೆ ಕಳಿಸುವುದು ಇಲ್ಲೇ ಅಪರಾಧ. ಜರ್ಮನಿಯಲ್ಲಂತೂ ಐರೋಪ್ಯ ಒಕ್ಕೂಟದ ಹೊರಗಿನಿಂದ ಖಾಸಗಿ ವ್ಯಕ್ತಿಗೆ ಅಂಚೆಯಲ್ಲಿ ಔಷಧಿ ಬರುವುದಕ್ಕೇ ಸಾಮಾನ್ಯವಾಗಿ ನಿಷೇಧವಿದೆ. ಅಮೆರಿಕದಲ್ಲಿ ಮೂರು ತಿಂಗಳಿಗಾಗುವಷ್ಟನ್ನು ಒಳಗೆ ಬಿಟ್ಟರೆ ಅದು ಅಧಿಕಾರಿಯ ವಿವೇಚನೆ, ನಿಮ್ಮ ಹಕ್ಕಲ್ಲ. ನಮ್ಮ ಮನೆಮನೆಯಲ್ಲೂ ಸಿಗುವ ನಿಮೆಸುಲೈಡ್‌ಗೆ ಅಲ್ಲಿ ಎಂದೂ ಒಪ್ಪಿಗೆ ಸಿಕ್ಕಿಲ್ಲ.

ಆ ಸ್ಟ್ರಿಪ್‌ಗಳನ್ನೇ ನೋಡಿ. ಮೆಡಿಕಲ್ ಸ್ಟೋರಿನವರು ಕತ್ತರಿಸಿಕೊಟ್ಟ ತುಂಡಿನಲ್ಲಿ ಬ್ಯಾಚ್ ನಂಬರಿಲ್ಲ, ಎಕ್ಸ್‌ಪೈರಿ ದಿನಾಂಕವಿಲ್ಲ, ಔಷಧಿಯ ಹೆಸರೂ ಅರ್ಧ. ಜೊತೆಗೆ ಡಾಕ್ಟರ ಚೀಟಿಯಿಲ್ಲ, ಬಿಲ್ಲಿಲ್ಲ. ಕಸ್ಟಮ್ಸ್‌ನವರು ಅದನ್ನು ಏನೆಂದು ತಿಳಿಯಬೇಕು? ಜ್ವರ ಬಂದ ಮಗ ಅಮ್ಮ ಕಳಿಸಿದ ಡೋಲೋ ನುಂಗಿ, ಸಾಲದೆಂದು ಅಲ್ಲಿನ ಟೈಲೆನಾಲ್ ಕೂಡ ತೆಗೆದುಕೊಂಡರೆ, ಎರಡೂ ಪ್ಯಾರಾಸಿಟಮಾಲೇ. ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಲಿವರ್‌ಗೆ.

ಕಾನೂನಿನ ಮಾತಿಗಿಂತ ನನಗೆ ಹೆಚ್ಚು ಸಿಟ್ಟು ಬರುವುದು ಥೈರಾಯ್ಡ್ ಮಾತ್ರೆಯ ವಿಷಯದಲ್ಲಿ. ಮದುವೆಗೆ ಮುಂಚೆ ಜೆ.ಪಿ. ನಗರದ ಡಾಕ್ಟರು ಬರೆದುಕೊಟ್ಟ ಡೋಸನ್ನೇ ಮಗಳಿಗೆ ವರ್ಷಗಟ್ಟಲೆ ಕಳಿಸುತ್ತಾರೆ. ಆಕೆ ಬಸುರಿಯಾದರೆ ಆ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ಮೊದಲ ತಿಂಗಳುಗಳಲ್ಲೇ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಿಗೆ ಬೇಕಾಗಬಹುದು. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಆಗ ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಟಿಎಸ್‌ಎಚ್ ಪರೀಕ್ಷೆ ಮಾಡಿಸುವವರು ಯಾರು? ಮಾತ್ರೆ ಮನೆಬಾಗಿಲಿಗೇ ಬರುತ್ತಿರುವಷ್ಟು ದಿನ ಆಕೆ ಡಾಕ್ಟರ ಬಳಿ ಹೋಗುವುದಿಲ್ಲ. ಅಮೆರಿಕದಲ್ಲಿ ಡಾಕ್ಟರ ಫೀಸು ದುಬಾರಿ, ಒಪ್ಪುತ್ತೇನೆ. ಔಷಧಿಯೆಲ್ಲ ದುಬಾರಿ ಎನ್ನಬೇಡಿ. ಮೆಟ್‌ಫಾರ್ಮಿನ್‌ನಂಥ ಜೆನೆರಿಕ್ ಮಾತ್ರೆಗಳನ್ನು ತಿಂಗಳಿಗೆ ನಾಲ್ಕು ಡಾಲರಿಗೆ ಕೊಡುವುದನ್ನು ವಾಲ್‌ಮಾರ್ಟ್ 2006ರಲ್ಲೇ ಶುರುಮಾಡಿತು.

ಕಳಿಸಲೇಬೇಕಾದ ಔಷಧಿ ಇದ್ದರೆ ಮೊದಲು ಆ ದೇಶದ ನಿಯಮ ಓದಿ. ಅಲ್ಲಿ ಬಿಡುತ್ತಾರೆಂದಾದರೆ ಮಗನ ಅಥವಾ ಮಗಳ ಹೆಸರಿನ ಚೀಟಿ, ಬಿಲ್, ಕತ್ತರಿಸದ ಸ್ಟ್ರಿಪ್ ಇಟ್ಟು, ಜೆನೆರಿಕ್ ಹೆಸರನ್ನೂ ಎಣಿಕೆಯನ್ನೂ ಫಾರಂನಲ್ಲಿ ಬರೆಯಿರಿ. 2ರಿಂದ 8 ಡಿಗ್ರಿಯಲ್ಲಿಡಬೇಕಾದ ಇನ್ಸುಲಿನ್ನನ್ನು ಮಾಮೂಲಿ ಪಾರ್ಸೆಲ್ಲಿಗೆ ಹಾಕಲೇಬೇಡಿ. ನಿದ್ದೆಮಾತ್ರೆ ಕಳಿಸು ಎಂದು ಮಗ ಕೇಳಿದರೆ ಅಂಗಡಿಗೆ ಓಡಬೇಡಿ. ಎಷ್ಟು ದಿನದಿಂದ ನಿದ್ದೆಯಿಲ್ಲ, ಏನಾಗಿದೆ ಎಂದು ಕೇಳಿ. ಅವನು ಅಲ್ಲಿನ ಡಾಕ್ಟರನ್ನು ಕಾಣುವವರೆಗೆ ದಿನಾ ಫೋನ್ ಮಾಡಿ ಕೇಳಿ.