ಸಾಲವಲ್ಲ, ಚಿಲ್ಲರೆ

ಮಕ್ಕಳೇ, ಕಳೆದ ವಾರ ಪುಸ್ತಕದ ನಡುವೆ ಒಣಗಲು ಇಟ್ಟ ಎಲೆಗಳು ಹೇಗಿವೆ? ಮುದುಡಿಕೊಂಡಿದ್ದರೆ ಬೇಸರ ಬೇಡ, ಮೇಲಿಟ್ಟ ಭಾರ ಸಾಲಲಿಲ್ಲ ಅಷ್ಟೆ. ಇನ್ನೊಂದು ವಾರ ಅಲ್ಲೇ ಇರಲಿ. ಈ ವಾರ ನಮಗೆ ಲೆಕ್ಕ. ‘ಅಯ್ಯೋ’ ಅನ್ನಬೇಡಿ. ಗುರುವಾರದವರೆಗೆ ಪೆನ್ಸಿಲ್ ಮುಟ್ಟುವ ಹಾಗೇ ಇಲ್ಲ.

ಮೊದಲು ಅಜ್ಜ–ಅಜ್ಜಿಯರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಮೂರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಹೋದ ತಿಂಗಳು ಲೆಕ್ಕದ ಪುಸ್ತಕವನ್ನು ರಾಗಿಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು. ಸಿಕ್ಕಿದಾಗ ತೆರೆದು ನೋಡಿದೆ. ಕಳೆಯುವ ಲೆಕ್ಕಗಳ ಮೇಲೆಲ್ಲ ಕೆಂಪು ಗೀಟು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಆದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು, ‘ಇಷ್ಟೂ ಬರಲ್ವೇನೇ ನಿನಗೆ?’ ಎಂಬ ಮಾತು. ಅವಳು ಅಳಲಿಲ್ಲ. ‘ನಾನು ದಡ್ಡಿ ಅಜ್ಜಿ, ನನಗೆ ಲೆಕ್ಕ ಬರಲ್ಲ’ ಎಂದು ತಣ್ಣಗೆ ಹೇಳಿ ಆಚೆ ಹೋದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಎಂಟು ವರ್ಷದ ಮಗು ತನ್ನ ಬಗ್ಗೆ ತೀರ್ಮಾನ ಮಾಡಿಕೊಂಡುಬಿಟ್ಟರೆ ಏನು ಮಾಡುವುದು? ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ದೀಪ ಹಾಕಿ ಪುಸ್ತಕವನ್ನು ಮತ್ತೆ ನೋಡಿದೆ. ಈ ಸಲ ಕೆಂಪು ಗೀಟನ್ನಲ್ಲ, ಅವಳು ಬರೆದದ್ದನ್ನು.

42ರಲ್ಲಿ 17 ಕಳೆದರೆ 35 ಎಂದು ಬರೆದಿದ್ದಳು. 53ರಲ್ಲಿ 28 ಕಳೆದರೂ 35. 61ರಲ್ಲಿ 34 ಕಳೆದರೆ 33. ನಿಧಾನವಾಗಿ ನೋಡಿ, ಇವು ಮನಸ್ಸಿಗೆ ಬಂದಂತೆ ಗೀಚಿದ ಉತ್ತರಗಳಲ್ಲ. ಬಿಡಿ ಸ್ಥಾನದಲ್ಲಿ ಎರಡರಿಂದ ಏಳನ್ನು ಕಳೆಯಲು ಆಗುವುದಿಲ್ಲವಲ್ಲ, ಅದಕ್ಕೆ ಅವಳು ಏಳರಿಂದ ಎರಡನ್ನು ಕಳೆದಿದ್ದಳು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಒಂದನೇ ತರಗತಿಯಲ್ಲಿ ಹೇಳಿಕೊಟ್ಟವರು ನಾವೇ! ಮಗು ನಮ್ಮ ಮಾತನ್ನು ತಪ್ಪದೆ ಪಾಲಿಸಿತ್ತು.

ಬೆಳಿಗ್ಗೆ ಜಡೆ ಹಾಕುತ್ತಾ ಕೇಳಿದೆ, ‘ಪುಟ್ಟೀ, ಪಕ್ಕದ ಮನೆಯಿಂದ ಸಾಲ ತಗೊಳ್ಳೋದು ಹೇಳಿಕೊಟ್ಟಿಲ್ವಾ?’

‘ಹೇಳಿಕೊಟ್ಟಿದ್ದಾರೆ. ಸಾಲ ತಗೊಂಡ್ರೆ ವಾಪಸ್ ಕೊಡಬೇಕಲ್ವಾ ಅಜ್ಜಿ? ಯಾರೂ ಕೊಡೋದೇ ಇಲ್ಲ.’

ಮೂವತ್ತು ವರ್ಷ ನಾನೂ ‘ಸಾಲ’ ಎಂದೇ ಹೇಳಿಕೊಟ್ಟವಳು. ಒಂದು ಮಗುವೂ ಹೀಗೆ ಕೇಳಿರಲಿಲ್ಲ. ಕೇಳುವಷ್ಟು ಸಲಿಗೆಯನ್ನು ನಾನೇ ಕೊಟ್ಟಿರಲಿಲ್ಲವೇನೋ.

ಈಗ ಚಟುವಟಿಕೆಗೆ ಬರೋಣ. ಮನೆಯ ಹೊಸ ಕಡ್ಡಿ ಪೊರಕೆಯಿಂದ ಒಂದಷ್ಟು ಕಡ್ಡಿ ಎಳೆದುಕೊಳ್ಳಿ. (ನಮ್ಮ ಮನೆಯಲ್ಲಿ ಪೊರಕೆ ಸಣಕಲಾಯಿತೆಂದು ಸೊಸೆ ಗೊಣಗಿದಳು. ಕೇಳದವರ ಹಾಗೆ ಇದ್ದುಬಿಡಿ.) ಚೂಪು ತುದಿಯನ್ನು ದೊಡ್ಡವರು ಕತ್ತರಿಸಿ, ಬೆರಳುದ್ದದ ತುಂಡು ಮಾಡಿಕೊಡಲಿ. ಅರವತ್ತು ತುಂಡು ಸಾಕು. ಹತ್ತು ಹತ್ತು ಎಣಿಸಿ ದಾರದಿಂದ ಕಟ್ಟು ಕಟ್ಟುವುದು ಮಕ್ಕಳ ಕೆಲಸ. ದಾರದ ಗಂಟು ಸಡಿಲವಾಗಿರಲಿ, ಬಿಚ್ಚುವುದು ಬಹಳ ಇದೆ. ರಬ್ಬರ್ ಬ್ಯಾಂಡ್ ಇದ್ದರೆ ಇನ್ನೂ ಸುಲಭ.

ಮೊದಲ ದಿನ ಬರೀ ಹೆಸರು ಹೇಳುವ ಆಟ. ಅಜ್ಜಿ ‘ನಲವತ್ತೆರಡು’ ಎಂದರೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಡಬೇಕು. ಇಲ್ಲಿ ಕನ್ನಡ ನಮಗೆ ಒಳ್ಳೆಯ ನೆಂಟ. ಇಪ್ಪತ್ತು, ಮೂವತ್ತು, ಐವತ್ತು, ಎಂಬತ್ತು, ಎಲ್ಲದರ ಬಾಲದಲ್ಲೂ ಹತ್ತು ಅಡಗಿ ಕೂತಿದೆ, ಸ್ವಲ್ಪ ವೇಷ ಬದಲಿಸಿಕೊಂಡು. ಹನ್ನೊಂದು, ಹನ್ನೆರಡರ ಒಳಗೂ ಹತ್ತು ಇದೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್‌ಗಳಲ್ಲಿ ಮಕ್ಕಳ ಕಿವಿಗೆ ಅದು ಕೇಳಿಸುವುದಿಲ್ಲ. ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ, ಕನ್ನಡದಲ್ಲಿ ಎಣಿಸಿದರೆ ಗೊಂದಲವಾಗುತ್ತದೆ ಎಂದು ಹೆದರುವ ಅಜ್ಜಂದಿರಿದ್ದಾರೆ. ನನಗೆ ಆ ಹೆದರಿಕೆ ಇಲ್ಲ. ಎರಡರಲ್ಲೂ ಎಣಿಸಲಿ.

ಮರುದಿನ ನಿಜವಾದ ಕೆಲಸ. ಮುಂದಿರುವ 42ರಿಂದ 17 ಕೊಡು ಎಂದು ಕೈಯೊಡ್ಡಿ. ಒಂದು ಕಟ್ಟನ್ನು ಮಗು ಕೂಡಲೇ ಕೊಡುತ್ತದೆ. ಇನ್ನು ಏಳು ಬಿಡಿ ಬೇಕು, ಇರುವುದು ಎರಡೇ. ಅಜ್ಜ–ಅಜ್ಜಿಯರೇ, ಈಗ ಬಾಯಿ ಬಿಗಿಹಿಡಿಯಿರಿ. ಹೇಳಿಕೊಡಬೇಡಿ. ನನಗಂತೂ ಈ ಒಂದು ನಿಮಿಷ ಏಕಾದಶಿ ಉಪವಾಸಕ್ಕಿಂತ ಕಷ್ಟವಾಯಿತು. ನನ್ನ ಮೊಮ್ಮಗಳು ಕಡ್ಡಿಗಳನ್ನೇ ನೋಡುತ್ತಿದ್ದಳು. ಕಟ್ಟನ್ನು ಮುಟ್ಟಿದಳು, ಕೈ ಹಿಂದೆಗೆದಳು. ‘ಅಜ್ಜೀ, ಕಟ್ಟು ಬಿಚ್ಚಬಹುದಾ?’

‘ನಿನ್ನದೇ ಕಟ್ಟು. ಯಾರನ್ನು ಕೇಳಬೇಕು?’

ಬಿಚ್ಚಿದಳು. ಎರಡಿದ್ದ ಬಿಡಿ ಕಡ್ಡಿ ಹನ್ನೆರಡಾಯಿತು. ಏಳು ಕೊಟ್ಟಳು. ಉಳಿದದ್ದು ಎರಡು ಕಟ್ಟು, ಐದು ಬಿಡಿ. ಎಣಿಸಿ ‘ಇಪ್ಪತ್ತೈದು’ ಎಂದಳು. ಆಮೇಲೆ ಒಂದು ಗಳಿಗೆ ಸುಮ್ಮನಿದ್ದು, ‘ಇದು ಸಾಲ ಅಲ್ಲ ಅಜ್ಜಿ. ನೋಟು ಕೊಟ್ಟು ಚಿಲ್ಲರೆ ತಗೊಂಡ ಹಾಗೆ’ ಎಂದಳು. ಈ ವಾರದ ತಲೆಬರಹ ಅವಳದ್ದೇ.

ಬುಧವಾರ ಸಂಜೆಗೆ ಒಂದು ಆಟ. ಒಬ್ಬೊಬ್ಬರ ಬಳಿ ಮೂರು ಕಟ್ಟು ಕಡ್ಡಿ. ಒಂದು ಬದಿ ತೇದ ನಾಲ್ಕು ಹುಣಸೆಬೀಜ ಹಾಕಿ, ಚೌಕಾಬಾರದ ಹಾಗೇ: ಬಿಳಿ ಬದಿ ಎಷ್ಟು ಮೇಲೆ ಬಿತ್ತೋ ಅಷ್ಟು, ಎಲ್ಲವೂ ಕವುಚಿ ಬಿದ್ದರೆ ಎಂಟು. ಬಿದ್ದಷ್ಟು ಕಡ್ಡಿಯನ್ನು ನಡುವಿನ ತಟ್ಟೆಗೆ ಹಾಕಬೇಕು. ಮೊದಲು ಯಾರ ಕೈ ಖಾಲಿಯೋ ಅವರು ಗೆದ್ದರು. ಬೇಕುಬೇಕಾದಾಗ ಕಟ್ಟು ಬಿಚ್ಚಲೇಬೇಕಾಗುತ್ತದೆ. ಅಜ್ಜ ಆಗಾಗ ಒಂದು ಕಡ್ಡಿ ಕಡಿಮೆ ಹಾಕಲಿ, ಮೊಮ್ಮಕ್ಕಳು ಹಿಡಿಯಲಿ. ಪ್ರತಿ ಆಟವನ್ನೂ ಬೇಕೆಂದೇ ಸೋಲುವುದು ಮಾತ್ರ ಬೇಡ, ಮಕ್ಕಳಿಗೆ ಅದು ಗೊತ್ತಾಗುತ್ತದೆ.

ಗುರುವಾರ ಪೆನ್ಸಿಲ್. ಮೊದಲು ಚಿತ್ರ: ಕಟ್ಟಿಗೆ ಒಂದು ಉದ್ದ ಗೆರೆ, ಬಿಡಿಗೆ ಚುಕ್ಕೆ. ಬಿಚ್ಚಿದ ಕಟ್ಟಿನ ಗೆರೆ ಹೊಡೆದು ಹತ್ತು ಚುಕ್ಕೆ ಇಡಬೇಕು. ಅದರ ಪಕ್ಕದಲ್ಲೇ ಅಂಕಿಗಳಲ್ಲಿ ಲೆಕ್ಕ. 40ರಿಂದ 16 ಕಳೆಯುವುದನ್ನು ತಪ್ಪದೆ ಕೊಡಿ. ಸೊನ್ನೆ ಬಂದ ಕಡೆ ಬಹಳ ಮಕ್ಕಳು 36 ಎಂದು ಬರೆಯುತ್ತಾರೆ. ಬರೆದರೆ ತಪ್ಪೆನ್ನಬೇಡಿ, ಕಡ್ಡಿ ಕೈಗೆ ಕೊಡಿ. ಮೂರನೇ ತರಗತಿಯವರು ಹತ್ತು ಕಟ್ಟು ಸೇರಿಸಿ ಒಂದು ಹೊರೆ ಮಾಡಿ, 100ರಿಂದ 37 ತೆಗೆಯಲಿ. ಹೊರೆಯನ್ನೂ ಬಿಚ್ಚಬೇಕು, ಅದರೊಳಗಿನ ಒಂದು ಕಟ್ಟನ್ನೂ ಬಿಚ್ಚಬೇಕು. (ಇದಕ್ಕೆ ಇನ್ನೂ ನಲವತ್ತು ಕಡ್ಡಿ ಬೇಕು. ಸೊಸೆ ಮನೆಯಲ್ಲಿಲ್ಲದಾಗ ಎಳೆಯಿರಿ.)

ಕೈಯಲ್ಲಿ ಹಿಡಿದು ಆಡುತ್ತಾ ಕಲಿಯುವುದು ನಾನು ಕಂಡುಹಿಡಿದದ್ದಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ–ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು ಇಂಥ ನಂಬಿಕೆಯಿಂದಲೇ.

ಭಾನುವಾರ ಹಿರಿಯ ಅಜ್ಜಂದಿರ ಸರದಿ. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ ನೂರು ಪೈಸೆ ಇರಲಿಲ್ಲ, ಹದಿನಾರು ಆಣೆ ಇತ್ತು. ಅಂದರೆ ಕಟ್ಟಿನಲ್ಲಿ ಹದಿನಾರು ಕಡ್ಡಿ! ಎರಡು ರೂಪಾಯಿ ಮೂರಾಣೆ ಇಟ್ಟುಕೊಂಡು ಅಂಗಡಿಗೆ ಹೋಗಿ ಏಳಾಣೆ ಖರ್ಚು ಮಾಡಿದರೆ ಉಳಿಯುವುದೆಷ್ಟು? ಮೊಮ್ಮಕ್ಕಳು ಒಂದು ರೂಪಾಯಿಯನ್ನು ಬಿಚ್ಚಲಿ. ಒಂದು ರೂಪಾಯಿ ಹನ್ನೆರಡಾಣೆ ಬಂತೇ? ಹಾಗೇ ಗಡಿಯಾರದ ಕಟ್ಟಿನಲ್ಲಿ ಅರವತ್ತು. ಐದು ಗಂಟೆ ಹತ್ತು ನಿಮಿಷಕ್ಕೆ ಬಸ್ಸು, ನಿಲ್ದಾಣಕ್ಕೆ ನಡೆಯಲು ಇಪ್ಪತ್ತೈದು ನಿಮಿಷ. ಎಷ್ಟು ಹೊತ್ತಿಗೆ ಹೊರಡಬೇಕು?

ದಿನಕ್ಕೆ ಕಾಲು ಗಂಟೆ ಸಾಕು. ಮಗು ಆಕಳಿಸಿದರೆ ಅಂದಿಗೆ ಮುಗಿಯಿತು. ನನ್ನ ಮೊಮ್ಮಗಳು ಇನ್ನೂ ತಪ್ಪು ಮಾಡುತ್ತಾಳೆ, ಮೊನ್ನೆ 70ರಿಂದ 25 ಕಳೆದು 55 ಎಂದಳು. ಆದರೆ ‘ತಾಳಜ್ಜಿ, ಕಟ್ಟು ಬಿಚ್ಚೋದು ಮರೆತೆ’ ಎಂದು ತಾನೇ ಹೇಳಿ ಅಳಿಸಿದಳು. ಲೆಕ್ಕದ ಪುಸ್ತಕ ಈಗ ಅವಳ ಚೀಲದಲ್ಲೇ ಇರುತ್ತದೆ.

ಮುಂದಿನ ವಾರಕ್ಕೆ ಅಟ್ಟದಲ್ಲಿರುವ ಪಾವು, ಸೇರು ಇಳಿಸಿ, ತೊಳೆದು ಒಣಗಿಸಿಡಿ. ಇಲ್ಲದವರು ಅಕ್ಕಪಕ್ಕದ ಮನೆಯಲ್ಲಿ ಕೇಳಿ ತನ್ನಿ. ಅದನ್ನು ಮಾತ್ರ ವಾಪಸ್ ಕೊಡಬೇಕು.