ಮಗಳ ಜೊತೆ ನೀರಿಗಿಳಿದಾಗ

ಕೊಚ್ಚಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಪದೇ ಪದೇ ಬರುತ್ತಿದ್ದ ಮಾತು: ‘ಮಗಳಿಗೆ ಈಜು ಕಲಿಸಬೇಕು.’ ಇಲ್ಲಿ ಎತ್ತ ಹೊರಟರೂ ನೀರು. ವೈಪಿನ್‌ಗೆ, ಫೋರ್ಟ್ ಕೊಚ್ಚಿಗೆ ದೋಣಿ. 2023ರಿಂದ ವಾಟರ್ ಮೆಟ್ರೋ ಕೂಡ. 2007ರಲ್ಲಿ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, ಮೂವರು ಶಿಕ್ಷಕರು ತೀರಿಕೊಂಡದ್ದನ್ನು ಇಲ್ಲಿನವರು ಮರೆತಿಲ್ಲ.

ತೊಂದರೆ ಏನೆಂದರೆ, ನನಗೇ ಈಜು ಬರುತ್ತಿರಲಿಲ್ಲ. ತುಂಗೆಯ ದಡದ ಊರಲ್ಲಿ ಹುಟ್ಟಿದರೂ ‘ಹೊಳೆ ಕಡೆ ಹೋದ್ರೆ ಕಾಲು ಮುರೀತೀನಿ’ ಎಂಬ ಅಜ್ಜಿಯ ಮಾತು ಕೇಳುತ್ತಲೇ ಬೆಳೆದವನು ನಾನು.

ಮೊದಲ ದಿನ ನಾನು ಕೊಳದ ಬೆಂಚಿನ ಮೇಲೆ, ಆರು ವರ್ಷದ ಮಗಳು ಮೆಟ್ಟಿಲ ಮೇಲೆ. ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಕೊನೆಗೆ ತರಬೇತುದಾರರು ನನ್ನ ಕಡೆ ತಿರುಗಿ, ‘ಅವಳು ನೀರು ನೋಡ್ತಿಲ್ಲ, ನಿಮ್ಮ ಮುಖ ನೋಡ್ತಿದ್ದಾಳೆ. ನೀವೂ ಇಳೀರಿ’ ಎಂದರು.

ಮರುವಾರ ಇಬ್ಬರೂ ಇಳಿದೆವು. ಮೊದಲು ಬಾಯಿ ಮುಳುಗಿಸಿ ಗುಳ್ಳೆ ಬಿಡುವುದು, ಆಮೇಲೆ ಗೋಡೆ ಹಿಡಿದು ಕಾಲು ಬಡಿಯುವುದು, ನಂತರ ಅಂಗಾತ ತೇಲುವುದು. ಮಗಳ ಬೆನ್ನಡಿ ನನ್ನ ಅಂಗೈ ಇತ್ತು. ಅದು ಎರಡು ಬೆರಳಾಯಿತು, ಒಂದು ದಿನ ಅದನ್ನೂ ತೆಗೆದೆ. ಅವಳಿಗೆ ಗೊತ್ತೇ ಆಗಲಿಲ್ಲ. ಎದೆ ಹೊಡೆದುಕೊಂಡದ್ದು ನನಗೆ. ನಾನೋ, ಹೆದರಿ ತಲೆ ಎತ್ತುತ್ತಿದ್ದೆ. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ಒಂದು ದಿನ ನನ್ನ ಬೆನ್ನಡಿ ಪುಟ್ಟ ಕೈಯೊಂದು ಬಂತು: ‘ಅಪ್ಪಾ, ಹೆದರ್ಬೇಡ, ನಾನಿದೀನಿ.’ ಅವತ್ತು ತೇಲಿದೆ.

ಕ್ರಿಸ್‌ಮಸ್ ರಜೆಯಲ್ಲಿ ತಿರುವನಂತಪುರಕ್ಕೆ ಹೋದಾಗ ಕೋವಳಂನಲ್ಲಿ ಸರ್ಫಿಂಗ್ ನೋಡಿದೆವು. ಅಲ್ಲಿನ ಸರ್ಫ್ ಕ್ಲಬ್ 2005ರಲ್ಲಿ ಶುರುವಾದದ್ದು. ಶಾಲೆ ತಪ್ಪಿಸುವ ಊರ ಮಕ್ಕಳಿಗೆ ಹಲಗೆ ಇಲ್ಲ ಎಂಬುದು ಅದರ ನಿಯಮ. ಮಗಳು ಹಟ ಹಿಡಿದಳು. ಮರಳ ಮೇಲೆ ಅಭ್ಯಾಸವಾದ ಮೇಲೆ ಸೊಂಟದುದ್ದ ನೀರಿನಲ್ಲಿ, ನೊರೆ ಅಲೆಯಲ್ಲಿ ಪಾಠ. ಹಲಗೆ ಹಿಡಿಯುವವರು ಕಲಿಸುವವರೇ. ನಾನು ಪಕ್ಕಕ್ಕೆ ನಿಲ್ಲಬೇಕು, ಎದುರಿಗಲ್ಲ. ಅಲೆ ತಳ್ಳಿದ ಹಲಗೆ ಜೋರಾಗಿ ಬಡಿಯುತ್ತದೆ. ಅವಳು ಎರಡು ಸೆಕೆಂಡ್ ನಿಂತಳು. ನಾನು ಮಂಡಿಯವರೆಗೆ ಎದ್ದು ದೊಪ್ಪನೆ ಬಿದ್ದೆ. ಅವಳಿಗೆ ಯಾವುದು ಹೆಚ್ಚು ಖುಷಿ ಕೊಟ್ಟಿತೋ!

ಕೊಳದಲ್ಲಿ ಈಜಿದ ಧೈರ್ಯ ಕಡಲಲ್ಲಿ ಸಾಲದು. ಕೆಂಪು ಬಾವುಟ ಇದ್ದರೆ, ಮಳೆಗಾಲವಾದರೆ ಇಳಿಯಲೇಬಾರದು. ಸೆಳೆತ ಒಳಗೆಳೆದರೆ ಅದರ ಎದುರು ದಡಕ್ಕೆ ಈಜಬಾರದು. ತೇಲುತ್ತಾ ಕೈ ಎತ್ತಿ ಕರೆಯಬೇಕು, ಆದರೆ ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಮೊದಲು ಕಲಿತ ತೇಲುವುದೇ ಅಲ್ಲೂ ಕೈಹಿಡಿಯುವುದು.

ಕೊಚ್ಚಿಯ ಕನ್ನಡಿಗರಿಗೆ ಒಂದು ಮಾತು: ಆಲುವಾದ ಪೆರಿಯಾರ್ ನದಿಯಲ್ಲಿ ಸಜಿ ವಾಳಶ್ಶೇರಿಲ್ ಎಂಬವರು ವರ್ಷಗಳಿಂದ ಮಕ್ಕಳಿಗೂ ದೊಡ್ಡವರಿಗೂ ಉಚಿತವಾಗಿ ಈಜು ಕಲಿಸುತ್ತಾ ಬಂದಿದ್ದಾರೆ. ಮಕ್ಕಳನ್ನು ಕರೆದೊಯ್ದರೆ ದಡದಲ್ಲಿ ಮೊಬೈಲ್ ಹಿಡಿದು ಕೂರಬೇಡಿ, ನೀವೂ ಇಳಿಯಿರಿ.

ಬೇಸಿಗೆಗೆ ಊರಿಗೆ ಹೋದಾಗ ತುಂಗೆಗೆ ಇಳಿಯೋಣ ಎನ್ನುತ್ತಿದ್ದಾಳೆ ಮಗಳು. ಅಜ್ಜಿ ಹೇಳಿದ್ದು ಸುಳ್ಳಲ್ಲ, ಹೊಳೆಯಲ್ಲಿ ಸುಳಿ ಇದೆ. ಎಲ್ಲಿ ಇಳಿಯಬಹುದೆಂದು ಊರವರನ್ನು ಕೇಳಿಯೇ ಹೋಗುತ್ತೇವೆ, ಇಬ್ಬರೂ.