ಎರಡನೆಯ ಪೀಪಾಯಿಯ ಬೆಲೆ

ಕೆಂಟಕಿಯಲ್ಲಿ ನಾಲ್ಕಾರು ವರ್ಷ ಮಾಗಿದ ಬೋರ್ಬನ್ ವಿಸ್ಕಿಯನ್ನು ಅದರ ಪೀಪಾಯಿಯಿಂದ ಹೊರತೆಗೆದು, ಮೊದಲು ಪೋರ್ಟ್ ವೈನ್ ತುಂಬಿದ್ದ ಮತ್ತೊಂದು ಪೀಪಾಯಿಯಲ್ಲಿ ಕೆಲವು ತಿಂಗಳು ಇಟ್ಟರೆ ಅದಕ್ಕೆ ಹೊಸ ಹೆಸರು ಬರುತ್ತದೆ, ಹೊಸ ಬೆಲೆಯೂ ಬರುತ್ತದೆ. ಶೆರಿ, ಕಾನ್ಯಾಕ್, ರಮ್ ಪೀಪಾಯಿಗಳಲ್ಲೂ ಇದೇ ಕೆಲಸ ನಡೆಯುತ್ತದೆ. ಈ ಕಸುಬಿನವರು ಇದನ್ನು ಫಿನಿಶ್ ಎನ್ನುತ್ತಾರೆ. ಹೀಗೆ ಏರಿದ ಬೆಲೆ ಯಾವುದರದ್ದು? ನಾಲಿಗೆಗೆ ದಕ್ಕಿದ ರುಚಿಯದೋ, ಲೇಬಲ್ಲಿನ ಮೇಲಿನ ಹೆಸರಿನದೋ, ಎಲ್ಲರಿಗೂ ಸಿಗದು ಎಂಬ ಆಸೆಯದೋ?

ಬಾಟಲಿಯೊಳಗಿನದು ಚೆನ್ನಾಗಿದೆಯೇ ಎಂಬುದು ಒಂದು ತೀರ್ಪು, ಕೊಟ್ಟ ದುಡ್ಡಿಗೆ ಅದು ತಕ್ಕುದೇ ಎಂಬುದು ಬೇರೆಯೇ ತೀರ್ಪು ಎಂದು ನಾನು ನಂಬಿದ್ದೇನೆ. ಮೊದಲನೆಯದಕ್ಕೆ ಪಳಗಿದ ನಾಲಿಗೆ ಬೇಕು. ಎರಡನೆಯದಕ್ಕೆ ಅದರ ಜೊತೆಗೆ ಹೋಲಿಕೆ ಬೇಕು, ತಯಾರಕರಿಂದ ಸತ್ಯವಾದ ಮಾಹಿತಿ ಬೇಕು. ಇವೆರಡೂ ಇಲ್ಲದೆ ದುಬಾರಿ ಬಾಟಲಿಯನ್ನು ಹೊಗಳುವುದೂ ತೆಗಳುವುದೂ ಬರೀ ಊಹೆಯಾಗುತ್ತದೆ.

ಮೊದಲು ವಸ್ತುವಿನ ಸ್ವರೂಪ ನೋಡೋಣ. ಅಮೆರಿಕದ ಕಾನೂನು ಬೋರ್ಬನ್‌ಗೆ ಗಟ್ಟಿ ಬೇಲಿ ಹಾಕಿದೆ. ಧಾನ್ಯದಲ್ಲಿ ಶೇ. 51ಕ್ಕೆ ಕಡಿಮೆಯಿಲ್ಲದಂತೆ ಮೆಕ್ಕೆಜೋಳ ಇರಬೇಕು. ಉಳಿದದ್ದು ಸಾಮಾನ್ಯವಾಗಿ ರೈ ಅಥವಾ ಗೋಧಿ, ಮತ್ತು ಮೊಳಕೆ ಕಟ್ಟಿದ ಬಾರ್ಲಿ. ಬಟ್ಟಿ ಇಳಿಸುವಾಗ ಮದ್ಯಸಾರ ಶೇ. 80 ಮೀರಬಾರದು, ಪೀಪಾಯಿಗೆ ತುಂಬುವಾಗ ಶೇ. 62.5 ಮೀರಬಾರದು. ಪೀಪಾಯಿ ಹೊಸ ಓಕ್ ಮರದ್ದಾಗಿದ್ದು ಅದರ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರಬೇಕು. ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಬೆರೆಸುವಂತಿಲ್ಲ. ಹೀಗಾಗಿ ಬೋರ್ಬನ್ನಿನ ಬಣ್ಣವೆಲ್ಲ ಮರದಿಂದ ಬಂದದ್ದು. ರುಚಿಯಲ್ಲೂ ದೊಡ್ಡ ಪಾಲು ಮರದ್ದೇ. ಬೆಂಕಿ ತಾಗಿದ ಓಕ್‌ನಲ್ಲಿ ಲಿಗ್ನಿನ್ ಒಡೆದು ವೆನಿಲಾ ಪರಿಮಳದ ವೆನಿಲಿನ್ ಹುಟ್ಟುತ್ತದೆ, ಮರದೊಳಗಿನ ಸಕ್ಕರೆಗಳು ಕಂದಿ ಪಾಕದ ಘಮ ಕೊಡುತ್ತವೆ, ಓಕ್‌ನ ಲ್ಯಾಕ್ಟೋನ್‌ಗಳು ಕೊಬ್ಬರಿಯ ವಾಸನೆ ತರುತ್ತವೆ, ಟ್ಯಾನಿನ್ ಒಗರು ಬಿಡುತ್ತದೆ.

ಫಿನಿಶ್‌ನ ಕಷ್ಟ ಇಲ್ಲಿಂದಲೇ ಶುರು. ಈ ಪದ್ಧತಿಯನ್ನು ಬೆಳೆಸಿದವರು ಸ್ಕಾಟ್ಲೆಂಡಿನವರು. 1980ರ ದಶಕದಲ್ಲಿ ಬಾಲ್ವೆನಿ ಭಟ್ಟಿಯ ಡೇವಿಡ್ ಸ್ಟೀವರ್ಟ್ ಮಾಡಿದ ಪ್ರಯೋಗಗಳು ಅದಕ್ಕೆ ಹೆಸರು ತಂದವು. ಆದರೆ ಸ್ಕಾಚ್ ಹೆಚ್ಚಾಗಿ ಮಾಗುವುದು ಒಮ್ಮೆ ಬಳಸಿದ ಪೀಪಾಯಿಗಳಲ್ಲಿ. ಮೊದಲ ಮರ ಅಲ್ಲಿ ಮೆಲ್ಲಗೆ ಮಾತಾಡಿರುತ್ತದೆ, ಎರಡನೆಯದಕ್ಕೆ ಜಾಗ ಉಳಿದಿರುತ್ತದೆ. ಬೋರ್ಬನ್ ಹಾಗಲ್ಲ. ಹೊಸ ಮರದಿಂದ ಹೊರಬರುವಾಗಲೇ ಅದು ಸಿಹಿ, ಘಾಟು, ಒಗರು ಮೂರರಿಂದಲೂ ತುಂಬಿರುತ್ತದೆ. ಅದರ ಮೇಲೆ ಪೋರ್ಟ್‌ನ ದ್ರಾಕ್ಷಿಯ ಸಿಹಿ ಹೇರಿದರೆ ನಾಲಿಗೆಗೆ ಅಂಟುವ ಪಾನಕವಾದೀತು. ಮತ್ತೊಂದು ಹೊಸ ಮರಕ್ಕೆ ಹಾಕಿದರೆ ಒಗರು ಏರಿ ಬಾಯಿ ಒಣಗೀತು. ಆದ್ದರಿಂದ ಬೋರ್ಬನ್ನಿನಲ್ಲಿ ಫಿನಿಶ್ ಗೆಲ್ಲುವುದು ಯಾವಾಗ ನಿಲ್ಲಿಸಬೇಕು ಎಂದು ಬಲ್ಲವರ ಕೈಯಲ್ಲಿ. ಬ್ರೌನ್-ಫೋರ್ಮನ್ ಕಂಪನಿಯಲ್ಲಿ ದಶಕಗಳ ಕಾಲ ದುಡಿದು, ವುಡ್‌ಫೋರ್ಡ್ ರಿಸರ್ವ್ ರೂಪಿಸಿದವರಲ್ಲಿ ಒಬ್ಬರಾದ ಲಿಂಕನ್ ಹೆಂಡರ್ಸನ್ ನಿವೃತ್ತಿಯ ಬಳಿಕ ಲೂಯಿವಿಲ್‌ನಲ್ಲಿ ಏಂಜಲ್ಸ್ ಎನ್ವಿ ಎಂಬ ಬೋರ್ಬನ್ ತಂದಾಗ, ರೂಬಿ ಪೋರ್ಟ್ ಪೀಪಾಯಿಯಲ್ಲಿ ಅದನ್ನು ಇಡುತ್ತಿದ್ದದ್ದು ಮೂರರಿಂದ ಆರು ತಿಂಗಳು ಮಾತ್ರ. ಅವಧಿಯನ್ನು ಕ್ಯಾಲೆಂಡರ್ ನೋಡಿ ಹೇಳಲಾಗದು. ಪೀಪಾಯಿಯಿಂದ ಮತ್ತೆ ಮತ್ತೆ ಮಾದರಿ ತೆಗೆದು ಮೂಸಿ ನೋಡಿಯೇ ತೀರ್ಮಾನಿಸಬೇಕು. ಬೆಲೆಗೆ ನ್ಯಾಯವಾಗಿ ಸೇರಬೇಕಾದ ಪರಿಣತಿ ಇದು.

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2010ರಲ್ಲಿ ತಂದ ಇಂಟರ್‌ಮೀಡಿಯೇಟ್ ಶೆರಿ ಎಂಬ ಸಿಂಗಲ್ ಮಾಲ್ಟ್ ಇದೇ ಸಮಸ್ಯೆಗೆ ಇನ್ನೊಂದು ಉತ್ತರ. ಅಮೆರಿಕದಿಂದ ಬಂದ ಬೋರ್ಬನ್ ಪೀಪಾಯಿಗಳಲ್ಲಿ ಮಾಗಿದ ಮಾಲ್ಟನ್ನು ನಡುವೆ ಶೆರಿ ಪೀಪಾಯಿಗೆ ಹಾಕಿ, ಕೊನೆಗೆ ಮತ್ತೆ ಬೋರ್ಬನ್ ಪೀಪಾಯಿಗೇ ಮರಳಿಸುವ ಕ್ರಮ ಅದರದ್ದು. ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ಶೇ. 10ಕ್ಕೂ ಹೆಚ್ಚು ದ್ರವ ಆವಿಯಾಗಿ ಹೋಗುತ್ತದೆ, ಮರ ಬಲುಬೇಗ ರಸ ಬಿಡುತ್ತದೆ. ಅಂಥಲ್ಲಿ ಶೆರಿಗೆ ಕೊನೆಯ ಮಾತು ಕೊಡದೆ ನಡುವಿನ ಮಾತು ಕೊಟ್ಟದ್ದು ಜಾಣ ಲೆಕ್ಕಾಚಾರ. ಎರಡನೆಯ ಪೀಪಾಯಿಯ ಯೋಗ್ಯತೆ ಇರುವುದು ಮೊದಲನೆಯದರ ಗುಣವನ್ನು ಎತ್ತಿ ತೋರಿಸುವುದರಲ್ಲಿ ಎಂಬ ತಿಳಿವಳಿಕೆ ಅದರ ಹಿಂದಿದೆ.

ನಮ್ಮ ಫಿಲ್ಟರ್ ಕಾಫಿಯ ಚಿಕೋರಿಯನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ಒಳ್ಳೆಯ ಬೀಜಕ್ಕೆ ಹದವಾಗಿ ಬೆರೆತ ಚಿಕೋರಿ ಡಿಕಾಕ್ಷನ್ನಿಗೆ ಮೈ ಕೊಡುತ್ತದೆ. ಹಳಸಲು ಬೀಜಕ್ಕೆ ಧಾರಾಳವಾಗಿ ಸುರಿದ ಚಿಕೋರಿ ಅದರ ಕೊರತೆಯನ್ನು ಮುಚ್ಚುತ್ತದೆ. ಹೊರಗಿನಿಂದ ಎರಡೂ ಒಂದೇ ಕಪ್ಪು. ಅದಕ್ಕೇ ನಮ್ಮ ಆಹಾರ ನಿಯಮ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು ಎಂದು ವಿಧಿಸಿದೆ. ಫಿನಿಶ್ ಆದ ಬೋರ್ಬನ್ನಿಗೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಕೆಳಗಿನ ವಿಸ್ಕಿ ತನ್ನ ಕಾಲ ಮೇಲೆ ನಿಲ್ಲುವಂಥದ್ದೇ? ಎಳೆಯ, ಒರಟು ವಿಸ್ಕಿಗೆ ಪೋರ್ಟ್‌ನ ಹೊದಿಕೆ ಹೊದಿಸಿದ್ದರೆ ಮೊದಲ ಗುಟುಕಿನಲ್ಲಿ ದ್ರಾಕ್ಷಿ ಮೆರೆಯುತ್ತದೆ. ನುಂಗಿದ ಮೇಲೆ ಹಸಿ ಧಾನ್ಯದ ರುಚಿ, ಬರೀ ಉರಿ ಉಳಿಯುತ್ತವೆ. ಒಳ್ಳೆಯ ಕೆಲಸದಲ್ಲಿ ವೆನಿಲಾ, ಪಾಕ, ರೈಯ ಖಾರ ತಮ್ಮ ಜಾಗದಲ್ಲೇ ಇದ್ದು ಅವುಗಳ ನಡುವೆ ಒಣಹಣ್ಣಿನ ಕಂಪು ಸುಳಿಯುತ್ತದೆ. ಬಾಯಲ್ಲಿ ಉಳಿಯುವ ಕೊನೆಯ ರುಚಿ ಮೊದಲ ರುಚಿಗೆ ಒಪ್ಪುತ್ತದೆ.

ಇಲ್ಲೊಂದು ಆಕ್ಷೇಪ ಬರುತ್ತದೆ: ರುಚಿ ಅವರವರ ಇಷ್ಟ, ಅದಕ್ಕೆಂಥ ತೀರ್ಪು? ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರ ತನ್ನ ಪ್ರಬಂಧವೊಂದರಲ್ಲಿ ಇದನ್ನೇ ಎತ್ತಿಕೊಂಡು, ಡಾನ್ ಕ್ವಿಕ್ಸೋಟ್ ಕಾದಂಬರಿಯಿಂದ ಒಂದು ಪ್ರಸಂಗ ಕೊಡುತ್ತಾನೆ. ಸ್ಯಾಂಕೋ ಪಾಂಜಾನ ಬಂಧುಗಳಿಬ್ಬರು ಒಂದು ಪೀಪಾಯಿಯ ವೈನ್ ರುಚಿ ನೋಡುತ್ತಾರೆ. ವೈನ್ ಚೆನ್ನಾಗಿದೆ ಎಂದು ಇಬ್ಬರೂ ಒಪ್ಪುತ್ತಾರೆ; ಆದರೆ ಒಬ್ಬ ತೊಗಲಿನ ರುಚಿ ಇದೆ ಎನ್ನುತ್ತಾನೆ, ಇನ್ನೊಬ್ಬ ಕಬ್ಬಿಣದ ರುಚಿ ಎನ್ನುತ್ತಾನೆ. ಸುತ್ತಲಿನವರು ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ಪಟ್ಟಿ ಕಟ್ಟಿದ ಹಳೆಯ ಕೀಲಿ ಸಿಗುತ್ತದೆ. ಇಷ್ಟ ಬೇರೆ, ಗ್ರಹಿಕೆ ಬೇರೆ ಎಂಬುದು ನನಗೆ ಇದರಲ್ಲಿ ಕಾಣುವ ಸಾರ. ಪೋರ್ಟ್‌ನ ಸಿಹಿ ನಿಮಗೆ ಹಿಡಿಸದಿರಬಹುದು, ಅದು ನಿಮ್ಮ ಹಕ್ಕು. ಆದರೆ ಆ ಸಿಹಿ ಅಲ್ಲಿದೆಯೋ ಇಲ್ಲವೋ, ವಿಸ್ಕಿಯೊಂದಿಗೆ ಬೆರೆತಿದೆಯೋ ಪ್ರತ್ಯೇಕವಾಗಿ ತೇಲುತ್ತಿದೆಯೋ ಎಂಬುದನ್ನು ಪರೀಕ್ಷಿಸಿ ಹೇಳಬಹುದು.

ಹ್ಯೂಮ್‌ನ ಕಥೆಯ ನಾಲಿಗೆಗಳು ಅಪರೂಪ ಎಂಬುದೂ ಅಷ್ಟೇ ನಿಜ. 2001ರಲ್ಲಿ ಪ್ರಕಟವಾದ ಬೋರ್ಡೋ ನಗರದ ಪ್ರಯೋಗವೊಂದರಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಪೋರ್ಟ್ ಪೀಪಾಯಿಯಿಂದ ಬಂದ ಬೋರ್ಬನ್ನಿಗೂ ತುಸು ಕೆಂಪು ಛಾಯೆ ಇರುತ್ತದೆ. ಕಣ್ಣು ಅದನ್ನು ಕಂಡಾಗಲೇ ನಾಲಿಗೆ ಹಣ್ಣಿನ ರುಚಿಗೆ ಸಿದ್ಧವಾಗಿಬಿಡುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಗುಟ್ಟಾಗಿ ಕೊಟ್ಟು ರಾಬರ್ಟ್ ಹಾಜ್ಸನ್ ಪರೀಕ್ಷಿಸಿದಾಗ, ಮೂರೂ ಸಲ ಸರಿಸುಮಾರು ಒಂದೇ ಅಂಕ ಕೊಟ್ಟವರು ಶೇ. 10ರಷ್ಟು ಮಾತ್ರ. ಆತನ ವರದಿ ಪ್ರಕಟವಾದ 2008ರಲ್ಲೇ ಸಂಶೋಧಕಿ ಹಿಲ್ಕೆ ಪ್ಲಾಸ್‌ಮನ್ ಮತ್ತು ಸಂಗಡಿಗರು ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕೊಟ್ಟು, ಕುಡಿಯುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಹೆಚ್ಚು ಬೆಲೆ ಹೇಳಿದಾಗ ರುಚಿ ಚೆನ್ನಾಗಿದೆ ಎಂದು ಜನ ಹೇಳಿದ್ದಷ್ಟೇ ಅಲ್ಲ, ಮಿದುಳಿನಲ್ಲಿ ಸುಖವನ್ನು ದಾಖಲಿಸುವ ಭಾಗದ ಚಟುವಟಿಕೆಯೂ ಹೆಚ್ಚಿತು.

ಹಾಗಾದರೆ ತೀರ್ಪು ಅಸಾಧ್ಯವೇ? ಈ ಪ್ರಯೋಗಗಳು ರುಚಿಯನ್ನು ಅಲ್ಲಗಳೆಯುತ್ತಿಲ್ಲ. ಕಣ್ಣಿಗೆ ಲೇಬಲ್, ಕಿವಿಗೆ ಬೆಲೆ ತಾಕಿದ ಮೇಲೆ ನಾಲಿಗೆಯ ಸಾಕ್ಷ್ಯ ಕಲುಷಿತವಾಗುತ್ತದೆ ಎನ್ನುತ್ತಿವೆ. ಪರಿಹಾರವೂ ಅಲ್ಲೇ ಇದೆ. ಒಂದೇ ತಯಾರಕರ ಸಾದಾ ಬೋರ್ಬನ್ ಮತ್ತು ಫಿನಿಶ್ ಆದ ಬೋರ್ಬನ್ ಎರಡನ್ನೂ ತಂದು, ಬೇರೆಯವರ ಕೈಯಿಂದ ಮೂರು ಲೋಟಗಳಿಗೆ ಹಾಕಿಸಬೇಕು: ಎರಡರಲ್ಲಿ ಒಂದೇ, ಮೂರನೆಯದರಲ್ಲಿ ಇನ್ನೊಂದು. ಬಣ್ಣ ಕಾಣದಂತೆ ಬೆಳಕು ತಗ್ಗಿಸಬೇಕು. ಬೇರೆಯದು ಯಾವುದು ಎಂದು ಮೊದಲು ಗುರುತಿಸಬೇಕು, ಯಾವುದು ಇಷ್ಟ ಎಂಬ ಮಾತು ಆಮೇಲೆ. ಬರೀ ಅದೃಷ್ಟದಿಂದಲೇ ಮೂರರಲ್ಲಿ ಒಂದು ಸಲ ಸರಿಯಾಗುವುದರಿಂದ ಇದನ್ನು ಹಲವು ಸಲ ಮಾಡಬೇಕು. ಕೆಲವು ಹನಿ ನೀರು ಹಾಕಿಯೂ ನೋಡಬೇಕು. ಮದ್ಯಸಾರದ ಪ್ರಮಾಣ ತಗ್ಗಿದಾಗ ಕೆಲವು ಸುಗಂಧಗಳು ಮೇಲ್ಮೈಗೆ ಬರುತ್ತವೆ, ಮುಚ್ಚಿಟ್ಟ ದೋಷಗಳೂ ಬರುತ್ತವೆ. ಇದಕ್ಕೆ ಬೇಕಾಗುವುದು ಚಮಚದ ಲೆಕ್ಕದ ಪ್ರಮಾಣ. ಕಸುಬಿನವರು ಬಾಯಲ್ಲಿಟ್ಟು ಉಗುಳುತ್ತಾರೆ, ಏಕೆಂದರೆ ಅಮಲೇರಿದ ನಾಲಿಗೆ ತೀರ್ಪಿಗೆ ಯೋಗ್ಯವಲ್ಲ. ಹೀಗೆ ಪರೀಕ್ಷಿಸಿದ ಮೇಲೂ ವ್ಯತ್ಯಾಸವೇ ತಿಳಿಯದಿದ್ದರೆ, ಆ ಬಾಟಲಿಗೆ ತೆತ್ತ ಹೆಚ್ಚುವರಿ ದುಡ್ಡು ರುಚಿಗೆ ಹೋಗಿಲ್ಲ.

ಇನ್ನು ಬೆಲೆಯ ಲೆಕ್ಕ. ಫಿನಿಶ್‌ಗೆ ನಿಜವಾದ ಖರ್ಚುಗಳಿವೆ: ಯುರೋಪಿನಿಂದ ಪೀಪಾಯಿ ತರಿಸಬೇಕು, ಕಾಯುವ ತಿಂಗಳುಗಳಲ್ಲಿ ಆವಿಯಾಗುವ ನಷ್ಟ ಹೊರಬೇಕು, ಕೆಟ್ಟುಹೋದ ಪೀಪಾಯಿಯನ್ನು ಬಿಟ್ಟುಬಿಡಬೇಕು. ಮದ್ಯಸಾರದ ಪ್ರಮಾಣವೂ ಲೆಕ್ಕಕ್ಕೆ ಬರಬೇಕು. ನೀರು ಬೆರೆಸದೆ ತುಂಬಿದ ಬಾಟಲಿಯಲ್ಲಿ ವಿಸ್ಕಿಯ ಪಾಲು ಹೆಚ್ಚು. ಆದರೆ ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಏಂಜಲ್ಸ್ ಎನ್ವಿಯ ಸಾಮಾನ್ಯ ಬಾಟಲಿ ಅಮೆರಿಕದಲ್ಲಿ 50 ಡಾಲರ್ ಆಸುಪಾಸಿಗೆ ಸಿಕ್ಕರೆ, ವರ್ಷಕ್ಕೊಮ್ಮೆ ಬರುವ ಅದರ ನೀರು ಬೆರೆಸದ ಆವೃತ್ತಿ 200 ಡಾಲರ್ ದಾಟುತ್ತದೆ. ಮದ್ಯಸಾರ ಮತ್ತು ಆಯ್ಕೆಯ ಶ್ರಮ ಆ ಅಂತರದ ಒಂದು ಭಾಗವನ್ನು ವಿವರಿಸುತ್ತವೆ, ಉಳಿದದ್ದು ವಿರಳತೆಯ ಬೆಲೆ. ಬೆಂಗಳೂರಿನಲ್ಲಿ ಕೊಳ್ಳುವವರಿಗೆ ಮತ್ತೊಂದು ಪದರ ಸೇರುತ್ತದೆ. ಕೇಂದ್ರ ಸರ್ಕಾರ ಫೆಬ್ರುವರಿ 2025ರಲ್ಲಿ ಬೋರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿದೆ. ಇಳಿದ ಮೇಲೂ ಸುಂಕವೇ ಸರಕಿನ ಮೂಲ ಬೆಲೆಯಷ್ಟಿದೆ, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಬೇರೆ. ಅಷ್ಟು ಕೊಟ್ಟಿದ್ದೇನೆ ಎಂಬ ಕಾರಣಕ್ಕೆ ರುಚಿ ಹೆಚ್ಚಾಗುವುದಿಲ್ಲ.

ಪ್ಲಾಸ್‌ಮನ್ ಪ್ರಯೋಗವನ್ನೇ ಮುಂದಿಟ್ಟು ಯಾರಾದರೂ ಕೇಳಬಹುದು: ಬೆಲೆ ಕೇಳಿ ಹುಟ್ಟಿದ ಸುಖವೂ ನಿಜವಾದ ಸುಖವೇ ತಾನೇ, ಅದಕ್ಕೆ ದುಡ್ಡು ಕೊಟ್ಟರೆ ತಪ್ಪೇನು? ತಪ್ಪಿಲ್ಲ. ಮಗಳ ಮದುವೆಗೆ, ಗೆಳೆಯನ ನಿವೃತ್ತಿಗೆ ಕೊಡುವ ಬಾಟಲಿಯಲ್ಲಿ ಕಥೆಗೂ ಅಂದಕ್ಕೂ ಪಾಲಿದೆ. ಆದರೆ ಆ ಸುಖ ಬೆಲೆಯ ಬಾಲ ಹಿಡಿದು ಹೋಗುತ್ತದೆ. ನಾಳೆ ಬೆಲೆ ಏರಿಸಿದವನೇ ನಾಳಿನ ರುಚಿಯನ್ನೂ ನಿರ್ಧರಿಸುತ್ತಾನೆ. ಅಂಥ ಮಾರುಕಟ್ಟೆಯಲ್ಲಿ ತಿಂಗಳುಗಟ್ಟಲೆ ಮೂಸಿ, ಹದ ನೋಡಿ ಪೀಪಾಯಿ ಖಾಲಿ ಮಾಡಿದ ಕುಶಲಕರ್ಮಿಗೂ, ಎಳೆಯ ವಿಸ್ಕಿಗೆ ವೈನಿನ ಬಣ್ಣ ಹಚ್ಚಿದವನಿಗೂ ಒಂದೇ ಬಹುಮಾನ. ನನ್ನ ಕಾಳಜಿ ಇರುವುದು ಇಲ್ಲಿ. ಕುರುಡು ಬೆಲೆ ಕೊಳ್ಳುವವನ ಜೇಬಿಗಿಂತ ಹೆಚ್ಚಾಗಿ ಕಸುಬಿಗೆ ಹಾನಿ ಮಾಡುತ್ತದೆ.

ಕೊಳ್ಳುವವರ ನಾಲಿಗೆಯೊಂದೇ ಇದನ್ನು ತಿದ್ದಲಾರದು, ಲೇಬಲ್ ಕೂಡ ಮಾತಾಡಬೇಕು. ಇದಕ್ಕೆ ಬೋರ್ಬನ್ನಿನ ಚರಿತ್ರೆಯಲ್ಲೇ ಆಧಾರವಿದೆ. 19ನೆಯ ಶತಮಾನದ ಕೊನೆಯಲ್ಲಿ ಕಲಬೆರಕೆ ವಿಸ್ಕಿ ಮಿತಿಮೀರಿದಾಗ, ಎಡ್ಮಂಡ್ ಟೇಲರ್‌ನಂಥ ತಯಾರಕರೇ ಮುಂದೆ ನಿಂತು ಒತ್ತಾಯಿಸಿ 1897ರಲ್ಲಿ ಬಾಟಲ್ಡ್-ಇನ್-ಬಾಂಡ್ ಕಾಯ್ದೆ ತಂದರು. ಒಂದೇ ಭಟ್ಟಿ, ಒಂದೇ ಹಂಗಾಮು, ಸರ್ಕಾರದ ಕಣ್ಗಾವಲಿನ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ, ಮದ್ಯಸಾರ ಶೇ. 50: ಕೊಳ್ಳುವವನಿಗೆ ಇವೆಲ್ಲ ಖಾತ್ರಿಯಾದವು. ಫಿನಿಶ್ ಆದ ಬೋರ್ಬನ್ ಇಂದು ಎರಡನೆಯ ಪೀಪಾಯಿಯ ಬಗೆಯನ್ನು ಹೇಳುತ್ತದೆ. ಅದರಲ್ಲಿ ಕಳೆದ ಕಾಲವನ್ನು ಎಲ್ಲರೂ ಹೇಳುವುದಿಲ್ಲ. ಶೆರಿ ಪೀಪಾಯಿ ಎಂದಾಗ ಅದು ಶೆರಿ ಮಾಗಿಸಲು ಬಳಸಿದ್ದೋ, ವಿಸ್ಕಿಯವರಿಗೆ ಮಾರಲೆಂದೇ ಶೆರಿಯಲ್ಲಿ ನೆನೆಸಿಟ್ಟದ್ದೋ ಎಂಬುದು ಹೆಚ್ಚಿನ ಲೇಬಲ್‌ಗಳಲ್ಲಿ ಕಾಣುವುದಿಲ್ಲ. ಮೂಲ ವಿಸ್ಕಿಯ ವಯಸ್ಸು, ಅದನ್ನು ಬಟ್ಟಿ ಇಳಿಸಿದವರು ಯಾರು, ಎರಡನೆಯ ಪೀಪಾಯಿಯ ಹಿನ್ನೆಲೆ, ಅದರಲ್ಲಿ ಕಳೆದ ತಿಂಗಳುಗಳು: ಈ ನಾಲ್ಕು ಸಂಗತಿ ಬಾಟಲಿಯ ಮೇಲಿದ್ದರೆ ಹೋಲಿಕೆ ಸಾಧ್ಯವಾಗುತ್ತದೆ. ಹೋಲಿಕೆ ಸಾಧ್ಯವಾದರೆ ಒಳ್ಳೆಯ ಕೆಲಸಕ್ಕೆ ಹೆಚ್ಚು ಬೆಲೆ ಕೇಳುವ ಧೈರ್ಯವೂ ಬರುತ್ತದೆ, ಅದನ್ನು ಕೊಡುವ ಮನಸ್ಸೂ ಬರುತ್ತದೆ. ಈ ನಾಲ್ಕನ್ನು ಬರೆಯಲು ಹಿಂಜರಿಯುವ ಬಾಟಲಿಗೆ, ಅದರ ಅಂಗಡಿಯ ಬೆಲೆ ಎಷ್ಟೇ ಇರಲಿ, ಅದೇ ತಯಾರಕರ ಸಾದಾ ಬೋರ್ಬನ್ನಿಗಿಂತ ಹೆಚ್ಚು ಮೌಲ್ಯ ಕಟ್ಟುವ ಹೊಣೆ ನಮ್ಮದಲ್ಲ.